ಚೀಲದ ಬಾಯಿಗೆ ಬಿದ್ದ ನಮ್ಮ ಮಾಮಾ

ಜೂನ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಸಿಟ್ಟಿನಲ್ಲೇ ಶುರು ಮಾಡುತ್ತಿದ್ದೇನೆ, ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಹಾಕ್ಕೆ ಸಕ್ಕರೆ ಹುಡುಕಿದರೆ ಸಕ್ಕರೆ ಡಬ್ಬಿಯಲ್ಲಿಲ್ಲ, ಕಾಗದದ ಚೀಲದಲ್ಲಿದೆ. ಚೀಲದ ಬಾಯಿ ಹೊಲಿದಿದೆ. ಕತ್ತರಿ ಎಲ್ಲಿ? ಟ್ರಂಕಿನಲ್ಲಿ. ಚಾಕು? ಟ್ರಂಕಿನಲ್ಲಿ. ಈಳಿಗೆ? ಅದೂ ಟ್ರಂಕಿನಲ್ಲಿ. ಟ್ರಂಕಿನ ಚಾವಿ? ನಮ್ಮ ಮಾಮಾನ ಉಡದಾರದಲ್ಲಿ. ಮಾಮಾ? ಗೊರಕೆ ಹೊಡೆಯುತ್ತಿದ್ದಾನೆ!

ಮನುಷ್ಯರ ಜೊತೆ ಜಗಳವಾಡುವವರು ಗದಗ-ಬೆಟಗೇರಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಚೀಲದ ಜೊತೆ ಜಗಳವಾಡಿ, ಸೋತು, ಎರಡು ದಿನ ಅದರೊಂದಿಗೆ ಮಾತು ಬಿಟ್ಟು, ಮೂರನೆಯ ದಿನ ತಾನಾಗಿಯೇ ರಾಜಿಗೆ ಹೋಗುವವನು ಇವನೊಬ್ಬನೇ. ನನ್ನ ಅವ್ವನ ತಮ್ಮ. ಮದುವೆಯಾಗಿಲ್ಲ, ಸಿಟ್ಟಿನ ಜೊತೆಗೇ ಸಂಸಾರ, ಅದು ಸುಖವಾಗಿಯೇ ನಡೆದಿದೆ. ಗದಗಿನಲ್ಲಿ ಕೆಲಸ ಸಿಕ್ಕಂದಿನಿಂದ ನಾನು ಬೆಟಗೇರಿಯ ಈ ಮನೆಯಲ್ಲಿ ಅವನ ಮತ್ತು ಅಜ್ಜಿಯ ಜೊತೆ ಇದ್ದೇನೆ. ದಿನಚರಿ ಬರೆಯುವುದು ನನ್ನ ಅಭ್ಯಾಸ. ತಿಂಗಳ ಕೊನೆಗೆ ಮಾಮಾನ ಸಿಟ್ಟುಗಳನ್ನು ಎರಡು ಸಾಲಿನಲ್ಲಿ ಕೂಡುತ್ತೇನೆ: ಮನುಷ್ಯರ ಮೇಲಿನವು, ಚೀಲಗಳ ಮೇಲಿನವು. ಮನುಷ್ಯರು ಇನ್ನೂ ಒಂದು ತಿಂಗಳೂ ಗೆದ್ದಿಲ್ಲ.

ಈ ಮನೆಯಲ್ಲಿ ಮೊದಲು ಎರಡು ಮಗ್ಗಗಳಿದ್ದವು. ಅಜ್ಜಿ ಸೀರೆ ನೇಯುತ್ತಿದ್ದಳು. ಈಗ ಒಂದು ಮಗ್ಗದ ಮೇಲೆ ಚಾದರ ಹೊದಿಸಿದೆ. ಇನ್ನೊಂದರ ಜಾಗದಲ್ಲಿ ಮಾಮಾ ಚೀಲ ಹೊಲಿಯುವ ಯಂತ್ರ ಇಟ್ಟಿದ್ದಾನೆ. ಮಲ್ಲಸಮುದ್ರದ ಕಡೆಯ ಒಂದು ಗಿರಣಿಯಿಂದ ದನದ ಹಿಂಡಿ ಬರುತ್ತದೆ. ಇವನು ಮೂರು ಪದರದ ಕಂದು ಕಾಗದದಿಂದ ಚೀಲ ಮಾಡಿ, ಹಿಂಡಿ ತುಂಬಿ, ಬಾಯಿ ಹೊಲಿದು ಕೊಡುತ್ತಾನೆ. ಅದು ಸರಪಳಿ ಹೊಲಿಗೆ. ಸರಿಯಾದ ತುದಿ ಹಿಡಿದು ಎಳೆದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಸರಿಯಾದ ತುದಿ ಯಾವುದು? ಹೊಲಿದವನಿಗೆ ಗೊತ್ತು. ಕೊಂಡವನಿಗೆ ಯಾರು ಹೇಳಬೇಕು?

ಅಜ್ಜಿಗೂ ಯಾರೂ ಹೇಳಿರಲಿಲ್ಲ. ಹೋದ ವರ್ಷ ಎಮ್ಮೆಗೆ ಹಿಂಡಿ ಹಾಕಲು ಚೀಲದ ದಾರ ಎಳೆದಳು. ಬಿಗಿಯಿತು. ಇನ್ನೊಮ್ಮೆ ಎಳೆದಳು. ಇನ್ನೂ ಬಿಗಿಯಿತು. ಬಲಗೈಯಲ್ಲಿ ದಾರ ಹಿಡಿದೇ ಎಡಗೈಯಲ್ಲಿ ಕುಡುಗೋಲು ಎತ್ತಿಕೊಂಡಳು. ಕುಡುಗೋಲು ನುಣ್ಣನೆಯ ಕಾಗದದ ಮೇಲೆ ಜಾರಿ ಬಲಗೈಯ ಹೆಬ್ಬೆರಳು, ತೋರುಬೆರಳುಗಳಿಗೆ ಬಿತ್ತು. ಗಾಯ ಮಾಯಿತು. ಬೆರಳುಗಳು ಮಾತ್ರ ಮಡಚಲಿಲ್ಲ.

"ಬೆರಳು ಸತ್ತಿಲ್ರಿ, ಅಂಜ್ಯಾವ. ಆಡಸ್ತಾ ಇರ್ರಿ" ಎಂದರು ಡಾಕ್ಟರು, ಹಿಚುಕಲು ಒಂದು ರಬ್ಬರಿನ ಚೆಂಡು ಕೊಟ್ಟರು. "ಚೆಂಡಾಟ ಆಡಾಕ ನಾ ಏನ್ ಸಣ್ಣ ಕೂಸ?" ಎಂದು ಅಜ್ಜಿ ಅದನ್ನು ಎಮ್ಮೆಯ ಕರುವಿನ ಮುಂದೆ ಎಸೆದಳು. ಅಂದಿನಿಂದ ಆ ಕೈ ಸೆರಗಿನೊಳಗೇ ಇರುತ್ತದೆ. ನಾನು ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿದರೆ ಎಡಗೈಯಲ್ಲಿ ಚಮಚ ಹಿಡಿದು, ಗೋಡೆಗೆ ಮುಖ ಮಾಡಿ ಉಣ್ಣುತ್ತಾಳೆ. ತಲೆ ಬಾಚುವವಳು ನಾನು.

ಆ ಚೀಲ ಹೊಲಿದದ್ದು ಮಾಮಾನ ಯಂತ್ರ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾಮಾ ಅಂದು ಹೇಳಿದ್ದು ಒಂದೇ ಮಾತು: "ನಮ್ಮವ್ವ ತನ್ನ ಕೈಲೆ ಬಿಚ್ಚೋವಂಥ ಚೀಲ ಮಾಡ್ತೀನಿ. ಇಲ್ಲಂದ್ರ ಮಿಷನ್ ಗುಜರಿಗೆ ಹಾಕ್ತೀನಿ."

ಅಂದೇ ಯುದ್ಧ ಘೋಷಣೆಯಾಯಿತು. ಟ್ರಂಕಿಗೆ ಬೀಗವೂ ಬಿತ್ತು. ಅಡಿಗೆಗೆ ಈಳಿಗೆ ಬೇಕೆಂದರೆ ಅವನೇ ತಂದುಕೊಟ್ಟು, ಬದನೆಕಾಯಿ ಹೆಚ್ಚುವವರೆಗೆ ಪೊಲೀಸಿನಂತೆ ಮುಂದೆ ನಿಂತು, ತಿರುಗಿ ಇಸಿದುಕೊಂಡು ಹೋಗುತ್ತಾನೆ!

ಶಿರಹಟ್ಟಿಯಲ್ಲಿ ಸಂಬಂಧಿಕರ ಮದುವೆ. ಅಕ್ಷತೆ ಕೈಯಲ್ಲಿ ಹಿಡಿದು ನಿಂತಿದ್ದವನು ಥಟ್ಟನೆ ಕಿವಿ ನಿಮಿರಿಸಿದ. ಹಿಂದಿನ ಅಡಿಗೆ ಚಪ್ಪರದಿಂದ 'ಪರ್ರ್' ಎಂಬ ಸದ್ದು ಬಂದಿತ್ತು. ಮಂಗಳವಾದ್ಯದ ನಡುವೆ ಆ ಸದ್ದು ಇವನ ಕಿವಿಗೊಂದೇ ಹೇಗೆ ಬಿತ್ತೋ! ಹೋಗಿ ನೋಡಿದರೆ ಅಡಿಗೆಯವನು ರವೆಯ ಚೀಲಕ್ಕೆ ಚಾಕು ಹಾಕುತ್ತಿದ್ದಾನೆ. ಅಲ್ಲೇ ಹಿಡಿದುಕೊಂಡ. ತುದಿ ಯಾವುದು, ಎಳೆಯುವುದು ಹೇಗೆ ಎಂದು ಪಾಠ ಮುಗಿಸಿ ಹೊರಬರುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ಅಕ್ಷತೆ ಇನ್ನೂ ಮುಷ್ಟಿಯಲ್ಲೇ ಇತ್ತು. ಅದನ್ನು ಏನು ಮಾಡಿದ ಗೊತ್ತೇ? ಸರಿಯಾಗಿ ಬಿಚ್ಚಿದ ಚೀಲದ ಮೇಲೆ ಹಾಕಿ ಬಂದ.

ಮುಂಡರಗಿಯ ಬೀಜದ ಅಂಗಡಿಯಲ್ಲಿ ಮಾತ್ರ ಅವನಿಗೆ ಸರಿಯಾದ ಜೋಡಿ ಸಿಕ್ಕಿತು. ಡೋಣಿ ಊರಿನ ರೈತರೊಬ್ಬರು ಬೀಜ ನೋಡಲು ಚೀಲದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದರು. ಮಾಮಾನ ಮೈಯೆಲ್ಲ ಉರಿಯಿತು.

"ಯಜಮಾನ್ರ, ದೇವರು ಹಲ್ಲು ಕೊಟ್ಟಿದ್ದು ರೊಟ್ಟಿ ತಿನ್ನಾಕ!"

ಅವರು ಕಚ್ಚಿದ್ದನ್ನು ಬಿಡದೆ, ಓರೆಗಣ್ಣಿನಲ್ಲಿ ನೋಡಿ, ಆಮೇಲೆ ಉಗುಳಿ ಹೇಳಿದರು: "ಖರೆ ಐತ್ರಿ. ಆದ್ರ ರೊಟ್ಟಿ ಬರೂದು ಜ್ವಾಳದಿಂದ, ಜ್ವಾಳ ಬರೂದು ಬೀಜದಿಂದ, ಬೀಜ ಇರೂದು ಇದರಾಗ. ಮೊದಲ ಇದನ್ನ ಕಡೀತೀನಿ, ಸುಗ್ಗಿ ಆದಮ್ಯಾಲೆ ರೊಟ್ಟಿ ಕಡೀತೀನಿ."

ಮಾಮಾ ಮುಂದಿನ ಬಸ್ಸಿಗೇ ಹತ್ತಿದ. ಮನೆಗೆ ಬಂದವನೇ ನನಗೆ, "ಲೇ ಬರಿಯಾಕಿ, ಇದನ್ನ ಬರಕೋಬ್ಯಾಡ" ಎಂದ. ಬರೆದುಕೊಂಡೆ.

ಚೀಲಕ್ಕೆ ಎರಡು ಧರ್ಮಗಳಂತೆ. ದಾರಿಯಲ್ಲಿ ಯಾರಿಗೂ ಬಿಚ್ಚಬಾರದು. ಮನೆಯಲ್ಲಿ ಒಡೆಯನಿಗೆ ಬಿಚ್ಚದೆ ಇರಬಾರದು. ಇವೆರಡೂ ಅತ್ತೆ-ಸೊಸೆ ಇದ್ದಂತೆ, ಒಂದನ್ನು ಒಲಿಸಿಕೊಂಡರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಮೊದಲು ಹೊಲಿಗೆ ಸಡಿಲ ಮಾಡಿದ. ಹಿಂಡಿ ತುಂಬಿದ ಆ ಚೀಲವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಪರೀಕ್ಷೆಗೆಂದು ಲಕ್ಷ್ಮೇಶ್ವರಕ್ಕೆ ಹೊರಟ. ಯಾವ ರಸ್ತೆ ಉಬ್ಬಿನ ಮೇಲೆ ಬಾಯಿ ಬಿಚ್ಚಿತೋ ದೇವರಿಗೇ ಗೊತ್ತು. ಊರು ಮುಟ್ಟಿ ತಿರುಗಿ ನೋಡಿದರೆ ಚೀಲ ಖಾಲಿ, ಹಿಂದೆ ದನಗಳ ಮೆರವಣಿಗೆ! ಚಹಾದಂಗಡಿಯವನು ಕೇಳಿದನಂತೆ: "ಎಷ್ಟು ದನ ಹೊಡಕೊಂಡು ಬಂದೀರಿ ಸಾಹೇಬ್ರ? ಸಂತಿ ಇವತ್ತಲ್ರಿ." ಆಮೇಲೆ ಅಂಟಿನ ಮೇಲೆ ಅಂಟು ಹಾಕಿ ಬಿಗಿ ಮಾಡಿದ. ಅದನ್ನು ಬಿಚ್ಚಲು ಅವನಿಗೇ ಆಗಲಿಲ್ಲ. ಆ ಚೀಲ ಈಗ ನಮ್ಮ ಮನೆಯ ಬಾಗಿಲಿಗೆ ಅಡ್ಡ ಇಡಲು ಉಪಯೋಗವಾಗುತ್ತಿದೆ. ಬಾಗಿಲು ಗಾಳಿಗೆ ಬಡಿದುಕೊಳ್ಳುವುದಿಲ್ಲ, ಅಷ್ಟರ ಮಟ್ಟಿಗೆ ಉಪಕಾರ.

ನನ್ನ ಸಿಟ್ಟು ತಿಳಿಯಬೇಕಾದರೆ ಇದನ್ನು ಕೇಳಿ. ನನ್ನನ್ನು ನೋಡಲು ಗಂಡಿನವರು ಬಂದರು. ಉಪ್ಪಿಟ್ಟು ಬರುವ ಮೊದಲೇ ಮಾಮಾ ಹುಡುಗನ ಮುಂದೆ ಅವಲಕ್ಕಿ ತುಂಬಿದ ಒಂದು ಚೀಲ ತಂದಿಟ್ಟ. "ಬಿಚ್ಚಪಾ, ನೋಡೂಣು." ಹುಡುಗ ಆ ತುದಿ ಎಳೆದ, ಈ ತುದಿ ಎಳೆದ, ಬೆವೆತ. ಕೊನೆಗೆ ಜೇಬಿನಿಂದ ಬೈಕಿನ ಚಾವಿ ತೆಗೆದು ಚೀಲದ ಹೊಟ್ಟೆಗೇ ಚುಚ್ಚಿದ!

"ಚಾವಿಲೆ ಹೊಟ್ಟಿ ಹರಿಯಾಂವಗ ನಮ್ಮ ಹುಡುಗೀನ ಕೊಡಂಗಿಲ್ಲ" ಎಂದ ಮಾಮಾ.

"ನಾವು ಹೆಣ್ಣು ನೋಡಾಕ ಬಂದೇವ್ರಿ, ಗೋದಾಮಿನ್ಯಾಗ ಹಮಾಲಿ ಮಾಡಾಕಲ್ಲ!" ಎಂದು ಹುಡುಗನ ತಂದೆ ಎದ್ದೇಬಿಟ್ಟರು.

ಅಂದು ಇಡೀ ಬಳಗ ಮಾಮಾನ ಮೇಲೆ ಮುಗಿಬಿದ್ದಿತು. ನಾನೂ ಸಿಟ್ಟು ನಟಿಸಿದೆ. ಹುಡುಗ ನನಗೂ ಹಿಡಿಸಿರಲಿಲ್ಲ ಎಂಬುದು ಬೇರೆ ಮಾತು.

ಅಂತೂ ಚೀಲ ಆಯಿತು. ಹೊಲಿಗೆಯ ಕೆಳಗೆ ತೆಳುವಾದ ಕೆಂಪು ಕಾಗದದ ಪಟ್ಟಿ. ದಾರಿಯಲ್ಲಿ ಯಾರಾದರೂ ಬಿಚ್ಚಿ ಮಣ್ಣು ಬೆರೆಸಿದರೆ ಪಟ್ಟಿ ಹರಿದು ಕಳ್ಳತನ ಬಯಲಾಗುತ್ತದೆ. ಹೊಲಿಗೆಯ ಸರಿಯಾದ ತುದಿಯಲ್ಲಿ ನಾಲ್ಕು ಬೆರಳು ಉದ್ದದ ಕೆಂಪು ದಾರ ಹೊರಗೆ ಬಿಟ್ಟಿರುತ್ತದೆ. ಅದರ ಬುಡವನ್ನು ಕಾಗದದ ಒಂದು ಸಣ್ಣ ಕಿವಿ ಮುಚ್ಚಿರುತ್ತದೆ. ಕಿವಿ ಎತ್ತಿ ದಾರ ಎಳೆದರೆ ಸಾಕು, ಸರ್ರ್! ಎಡಗೈಗೂ ಬರುತ್ತದೆ, ಮುದುಕರ ಕೈಗೂ ಬರುತ್ತದೆ. ನಾನೇ ಎಳೆದು ನೋಡಿದೆ. ಸಿಟ್ಟು ಇದ್ದರೂ ಸುಳ್ಳು ಹೇಳಬಾರದು, ಚೆನ್ನಾಗಿತ್ತು.

ಗಿರಣಿಯ ಸಾಹುಕಾರರಿಗೆ ಹೇಳಿಕಳಿಸಿದ. ಅವರೂ ಗಿರಾಕಿಗಳ ಬೈಗುಳ ಕೇಳಿ ಸಾಕಾಗಿದ್ದರು. "ಬಿಚ್ಚಿ ತೋರಸ್ರಿ, ಎಲ್ಲಾ ಚೀಲ ಹಿಂಗ ಹೊಲಸ್ತೀನಿ. ಇಲ್ಲಂದ್ರ ಬ್ಯಾರೆ ಕಡೆ ನೋಡ್ತೀನಿ" ಎಂದಿದ್ದರು. ಬೇರೆ ಕಡೆ ನೋಡಿದರೆ ಮಾಮಾನ ಯಂತ್ರಕ್ಕೆ ಕೆಲಸವಿಲ್ಲ. ಹೋದ ಗುರುವಾರ ಪಡಸಾಲೆಯ ತುಂಬ ಹೊಸ ಚೀಲಗಳನ್ನು ಸಾಲಾಗಿ ನಿಲ್ಲಿಸಿ, ಸಾಹುಕಾರರನ್ನು ಕರೆತರಲು ಹೋದ. ನಾನು ಚಹಾಕ್ಕಿಟ್ಟೆ. ಅಜ್ಜಿ ಪಡಸಾಲೆಯಲ್ಲಿ ಕುಳಿತಿದ್ದಳು.

ಸಾಹುಕಾರರು ಬಂದರು. ಮಾಮಾ ಮೊದಲ ಚೀಲದ ಕಿವಿ ಎತ್ತಿ, ಮದುಮಗನಂತೆ ಎದೆಯುಬ್ಬಿಸಿ, ದಾರ ಎಳೆದ. ಬರಲಿಲ್ಲ. ನಕ್ಕ. ಇನ್ನೊಮ್ಮೆ ಎಳೆದ. ಬರಲಿಲ್ಲ. ಎರಡನೆಯದು? ಇಲ್ಲ. ಮೂರನೆಯದು? ಇಲ್ಲ! ಸಾಹುಕಾರರು ತಾವೇ ಎದ್ದು, ಚೀಲಕ್ಕೆ ಕಾಲು ಕೊಟ್ಟು ಜಗ್ಗಿದರು. ಧೋತರದ ಕಚ್ಚೆ ಸಡಿಲವಾಯಿತೇ ಹೊರತು ಹೊಲಿಗೆ ಸಡಿಲವಾಗಲಿಲ್ಲ. ಆಗ ಮಾಮಾ ಏನು ಮಾಡಿದ? ಬರೆಯಲು ನನ್ನ ಕೈ ಕುಣಿಯುತ್ತಿದೆ. ಬಾಗಿ, ಹಲ್ಲು ಹಾಕಿದ! ಡೋಣಿಯ ಯಜಮಾನರು ಅಲ್ಲಿರಬೇಕಾಗಿತ್ತು.

ಬಾಯಿಗೆ ಸಿಕ್ಕಿದ್ದೇನೆಂದು ತೆಗೆದು ನೋಡಿದರೆ ಗಂಟು. ಪ್ರತಿ ಚೀಲದ ತುದಿಯಲ್ಲೂ ಗಂಟು.

"ಯಾಂವಲೇ ಗಂಟ ಹಾಕಿದಾಂವ!" ಕೂಗಿದ ಕೂಗಿಗೆ ಚಾದರದ ಮೇಲಿನ ಬೆಕ್ಕು ಹಾರಿತು.

"ನಾನ" ಎಂದಳು ಅಜ್ಜಿ, ತಣ್ಣಗೆ. "ಸಾಲಕ ಸಾಲು ದಾರ ಜೋತಾಡಾಕತ್ತಿದ್ದು. ಮಂದಿ ಬರ್ತಾರ ಅಂದಿ. ನೇಕಾರರ ಮನ್ಯಾಗ ದಾರದ ತುದಿ ಹಂಗ ಬಿಟ್ಟಾರಂದ್ರ ನೋಡಿದಾವ್ರು ಏನಂದಾರು? ನಿಮ್ಮಪ್ಪ ಇದ್ದಿದ್ರ ಕಾಲಾಗಿನ ಕೆರ ತಗೋತಿದ್ದ."

ಹೊರಗಿನವರಿಗೆ ಇದು ತಿಳಿಯುವುದು ಕಷ್ಟ. ಮಗ್ಗದ ಮನೆಯಲ್ಲಿ ಎಳೆ ಕಡಿದರೆ ಉಸಿರು ಬಿಡುವಷ್ಟರಲ್ಲಿ ಗಂಟು ಬೀಳಬೇಕು. ಬಿಟ್ಟ ತುದಿ ಎಂದರೆ ಬಿಟ್ಟ ಮಾನ. ಒಲೆಯ ಮೇಲಿನ ಹಾಲು ಉಕ್ಕಿದರೂ ಅಜ್ಜಿ ಮೊದಲು ಗಂಟು ಹಾಕಿ ಆಮೇಲೆ ಏಳುತ್ತಿದ್ದಳಂತೆ.

ಮಾಮಾನ ಮುಖ ಕೆಂಪಾಯಿತು. ಈಗ ಸಿಡಿಯುತ್ತಾನೆ ಎಂದು ನಾನು ಚಹಾದ ತಾಟನ್ನು ಗಟ್ಟಿಯಾಗಿ ಹಿಡಿದೆ. ಅವನು ಸಿಡಿಯಲಿಲ್ಲ. ಕೈಯಲ್ಲಿದ್ದ ಗಂಟನ್ನು ಕಣ್ಣಿನ ಹತ್ತಿರ ತಂದು ನೋಡಿದ. ಸಾಸಿವೆ ಕಾಳಿನಷ್ಟಿತ್ತು. ಮುಂದಿನ ಚೀಲದ್ದನ್ನು ನೋಡಿದ. ಅದೂ ಅಷ್ಟೇ.

"ಎವ್ವಾ, ಎಲ್ಲಾ ನೀನ ಹಾಕಿದಿ?"

"ಮತ್ತ್ಯಾರು ಹಾಕ್ತಾರ, ಎಮ್ಮಿ ಹಾಕ್ತೈತಿ?"

"ಯಾವ ಕೈಲೆ?"

"ಎಡಗೈಲೆ ಗಂಟ ಹಾಕಾಕ ಬರ್ತೈತೇನೋ ಹುಚ್ಚ..." ಎಂದು ಶುರು ಮಾಡಿದವಳು ನಡುವೆಯೇ ನಿಂತಳು. ತನ್ನ ಬಲಗೈಯನ್ನು ನೋಡಿಕೊಂಡಳು. ಅದು ಸೆರಗಿನ ಹೊರಗಿತ್ತು.

"ಬಾಯಿ ಬಿಚ್ಚದ ಚೀಲ ತಗೊಂಡು ನಾ ಏನ್ ಮಾಡ್ಲಿ?" ಎಂದು ಸಾಹುಕಾರರು ಕಚ್ಚೆ ಸರಿಪಡಿಸಿಕೊಂಡರು. "ಬಿಚ್ಚಿದ ದಿನ ಫೋನ್ ಮಾಡ್ರಿ." ಅವರನ್ನು ಕಳಿಸಲು ಮಾಮಾ ಬಾಗಿಲವರೆಗೂ ಹೋಗಲಿಲ್ಲ. ನೆಲದ ಮೇಲೆ, ಅಜ್ಜಿಯ ಮುಂದೆ, ಕೆಂಪು ದಾರದ ಉಂಡೆ ಹಿಡಿದು ಕುಳಿತುಬಿಟ್ಟಿದ್ದ. "ಇನ್ನೊಂದು ಹಾಕು. ನೋಡ್ತೀನಿ." ಅಜ್ಜಿ ಹಾಕಿದಳು. "ಇನ್ನೊಂದು." ಅವಳು ಬೈದುಕೊಂಡೇ ಹಾಕಿದಳು. ಚಹಾ ಆರಿತು. ಅವನು ಮುಖವನ್ನು ಚೀಲಗಳ ಕಡೆ ತಿರುಗಿಸಿಕೊಂಡಿದ್ದ. ನಾನು ಅಡಿಗೆಮನೆಗೆ ಬಂದುಬಿಟ್ಟೆ.

ಅಂದಿನಿಂದ ಸಕ್ಕರೆ, ಬೇಳೆ, ನನ್ನ ಇಸ್ತ್ರಿ ಮಾಡಿದ ಬಟ್ಟೆ ಎಲ್ಲವೂ ಚೀಲದಲ್ಲಿ. ಅವನು ಹೊಲಿದು, ಬೇಕೆಂದೇ ತುದಿ ಜೋತುಬಿಟ್ಟು ಹೋಗುತ್ತಾನೆ. ಅಜ್ಜಿ "ಮಾನ ಇಲ್ಲದಾಂವ" ಎಂದು ಬೈದು ಗಂಟು ಹಾಕುತ್ತಾಳೆ. ನನಗೆ ಚಹಾ ಇಲ್ಲ!

ಇಷ್ಟು ಬರೆಯುವಷ್ಟರಲ್ಲಿ ಅಜ್ಜಿ ಎದ್ದಿದ್ದಾಳೆ. ನಾನು ಚೀಲದೊಂದಿಗೆ ಗುದ್ದಾಡುವುದನ್ನು ನೋಡಿ, "ಸರಿ ಅತ್ತಾಗ" ಎಂದು ಕಸಿದುಕೊಂಡಳು. ಕಿವಿ ಎತ್ತಿ, ಆ ಎರಡು ಬೆರಳುಗಳ ಉಗುರಿನಲ್ಲಿ ಗಂಟನ್ನು ಹಿಡಿದು, ಮೆಲ್ಲಗೆ ಸಡಿಲಿಸಿ, ಎಳೆದಳು. ಸರ್ರ್! ಒಳಗಿನ ಗೊರಕೆ ನಿಂತಿತು. ಮಾಮಾ ಎದ್ದು ಬರಲಿಲ್ಲ, ಕೆಮ್ಮಿದ ಅಷ್ಟೇ.

ಒಂದೇ ಎಳೆತಕ್ಕೆ ಬಿಚ್ಚಬೇಕು, ಆದರೆ ಆ ತುದಿ ಹಳೆಯ ನೇಕಾರಳೊಬ್ಬಳ ಕಣ್ಣಿಗೆ ಬೀಳಬಾರದು. ಅಂಥ ಚೀಲದ ಬಾಯಿ ಹೊಲಿಯುವ ರೀತಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಸಾಹುಕಾರರು ಕಾಯುತ್ತಿದ್ದಾರೆ. ಈ ಸಾಲನ್ನು ಗಟ್ಟಿಯಾಗಿ ಓದಿದೆ. ಜನ್ಮದಲ್ಲಿ ಒಂದು ಕೆಲಸಕ್ಕೂ ಎರಡು ನಿಮಿಷ ತಾಳದ ಮನುಷ್ಯ ಹಾಸಿಗೆಯಿಂದಲೇ ಕೂಗಿ ಹೇಳುತ್ತಿದ್ದಾನೆ:

"ಲೇ ಬರಿಯಾಕಿ, ಜಲ್ದಿ ಏನಿಲ್ಲ ಅಂತ ಬರಿ. ನಿದಾನಕ ತಿಳಸ್ರಿ ಅಂತ ಬರಿ."