ನಾಲ್ಕು ಡಿಸ್ಕುಗಳ ಪಂಕ್ತಿ

ನಿರ್ಧಾರ ಮಾಡುವುದಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹೋಟೆಲಿನಲ್ಲಿ ಮಾಣಿ ಬಂದು ನಿಂತರೆ ಪಕ್ಕದ ಮೇಜಿನವರು ತಿನ್ನುತ್ತಿರುವುದನ್ನೇ ತೋರಿಸಿ ಪಾರಾಗುವ ಪ್ರಾಣಿ ನಾನು. ಇಂಥವನ ಮುಂದೆ, ಗಿಂಡಿ ಬಡಾವಣೆಯಲ್ಲಿದ್ದ ನಮ್ಮ ಪಂಪು ಕಂಪನಿಯ ಯಜಮಾನರು ಒಂದು ಲಿನಕ್ಸ್ ಸರ್ವರನ್ನೂ ನೋಟಕ್ಕೆ ಒಂದೇ ಆದರೂ ಒಳಗಿನ ಜಾಗ ಬೇರೆ ಬೇರೆಯಾದ ನಾಲ್ಕು ಹಾರ್ಡ್ ಡಿಸ್ಕುಗಳನ್ನೂ ಇಟ್ಟು, ಹೇಗೆ ಬೇಕಾದರೂ ಜೋಡಿಸಿಕೊಳ್ಳಿ ಎಂದುಬಿಟ್ಟರು. ವಿಜಯದಶಮಿಯವರೆಗೆ ತಕರಾರಿಲ್ಲದೆ ನಡೆದರೆ ಕೆಲಸ ಖಾಯಂ ಎಂದೂ ಸೇರಿಸಿದರು. ಮೈಸೂರು ಬಿಟ್ಟು ಮದರಾಸಿನ ಸೆಕೆಗೆ ಬಂದು ಬಿದ್ದವನಿಗೆ 'ಖಾಯಂ' ಎಂಬ ಶಬ್ದ ಕಿವಿಗೆ ಐಸ್ ನೀರು ಹೊಯ್ದಂತಿತ್ತು.

ಜೋಡಿಸುವುದೇನು ಮಹಾ ಎನ್ನಬೇಡಿ. ನಾಲ್ಕನ್ನೂ ಬೆಸೆದು ಒಂದೇ ದೊಡ್ಡ ಡಿಸ್ಕಿನಂತೆ ಮಾಡಬಹುದು. ಜಾಗ ಧಾರಾಳ, ಆದರೆ ಒಂದು ಕಣ್ಣು ಮುಚ್ಚಿದರೆ ನಾಲ್ಕೂ ಸಹಗಮನ. ಜೋಡಿ ಮಾಡಿ ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಸಬಹುದು. ಆಗ ಪ್ರಾಣಭಯವಿಲ್ಲ, ಜಾಗ ಮಾತ್ರ ಅರ್ಧ. ಅಥವಾ ಒಂದೊಂದಕ್ಕೆ ಒಂದೊಂದು ಕೆಲಸ ಹಚ್ಚಿ ಬೇರೆ ಬೇರೆ ಇಡಬಹುದು. ನಾನು ಬೆಳಿಗ್ಗೆ ಅವಿಭಕ್ತ ಕುಟುಂಬದ ಪರವಾಗಿದ್ದರೆ ಸಂಜೆಯ ಲೋಕಲ್ ಟ್ರೈನಿನಲ್ಲಿ ಪಾಲು ಹಂಚಿಕೆಯ ಪರವಾಗಿರುತ್ತಿದ್ದೆ. ಊಟಕ್ಕೆ ಕೂತು ಉಪ್ಪಿನಕಾಯಿ, ಪಲ್ಯ, ಕೋಸಂಬರಿಗಳನ್ನು ಹಲವು ರೀತಿ ಸರಿಸಿ ನೋಡುತ್ತಿದ್ದ ನನ್ನನ್ನು ಕಂಡು ಹೆಂಡತಿ, ಪಾತ್ರೆ ಜೋಡಿಸಲು ತಾನೂ ಇಷ್ಟು ಯೋಚಿಸಿದ್ದರೆ ಈ ಮನೆಯಲ್ಲಿ ಏಕಾದಶಿಯೇ ಮುಗಿಯುತ್ತಿರಲಿಲ್ಲ ಎಂದಳು. ಕೊನೆಗೆ ಬೇರೆ ಬೇರೆ ಎಂದೇ ತೀರ್ಮಾನಿಸಿದೆ. ಎಲ್ಲಕ್ಕಿಂತ ಚಿಕ್ಕ ಡಿಸ್ಕು ಮೇಲಿನ ಖಾನೆಯಲ್ಲಿ. ಸರ್ವರನ್ನು ಎಬ್ಬಿಸುವ ಲಿನಕ್ಸ್ ಇರುವುದು ಅದರಲ್ಲೇ, ಏಳುವಾಗ ಸರ್ವರ್ ಅದನ್ನು ಹುಡುಕುವುದು ಮೇಲಿನ ಖಾನೆಯಲ್ಲಿ ಮಾತ್ರ. ಅದರ ಕೆಳಗೆ ಲೆಕ್ಕಪತ್ರ, ನಕ್ಷೆ, ಎಲ್ಲಕ್ಕೂ ಕೆಳಗೆ ನಕ್ಷೆಗಳ ಪ್ರತಿ ಇಡುವ ದೊಡ್ಡದು. ಸರ್ವರ್ ಬೆಣ್ಣೆಯಂತೆ ಓಡಿತು.

ಆಯುಧಪೂಜೆ ಬಂತು. ನಮ್ಮಲ್ಲಿ ಪೂಜೆಯ ಉಸ್ತುವಾರಿ ಲೆಕ್ಕ ವಿಭಾಗದ ಶೇಷಾದ್ರಿಯವರದು. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಶ್ರೀವೈಷ್ಣವರು. ಅವರ ಕನ್ನಡ ತಮಿಳಿನ ಒಗ್ಗರಣೆಯಿಲ್ಲದೆ ಬಾಯಿಂದ ಇಳಿಯುತ್ತಿರಲಿಲ್ಲ. ಸರ್ವರನ್ನು ಆಫ್ ಮಾಡಿ ಅವರಿಗೆ ಒಪ್ಪಿಸಿ ಮನೆಗೆ ಬಂದೆ. ಪೂಜೆಗಿಟ್ಟ ಆಯುಧವನ್ನು ಮರುದಿನದ ಪುನರ್ಪೂಜೆಯವರೆಗೆ ಮುಟ್ಟುವಂತಿಲ್ಲ.

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿಯಾಯಿತು. ಕೈಯಲ್ಲಿ ಪುರಿ, ಕಡಲೆ ಸುಂಡಲ್ ಹಿಡಿದು ಎಲ್ಲರೂ ಸುತ್ತ ನಿಂತರು. ಎಣ್ಣೂರಿನ ಗಿರಾಕಿಗೆ ಮಧ್ಯಾಹ್ನದೊಳಗೆ ನಕ್ಷೆ ಕಳಿಸಬೇಕು ಎಂದು ಯಜಮಾನರು ನೆನಪಿಸಿದರು. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ, ಇಲ್ಲಿ ಲಿನಕ್ಸೂ ಇಲ್ಲ ಗಿನಕ್ಸೂ ಇಲ್ಲ ಎಂಬರ್ಥದ ಒಂದು ಸಾಲು ಬಂದು ನಿಂತಿತು. ಮತ್ತೆ ಒತ್ತಿದೆ. ಮತ್ತೆ ಅದೇ. ಚಿಕ್ಕ ಡಿಸ್ಕು ಸತ್ತಿತೆಂದೇ ನಂಬಿದೆ. ಜೋಡಿ ಮಾಡಬೇಕಿತ್ತು, ಮಾಡಲಿಲ್ಲ, ಮಾಡಿದ್ದುಣ್ಣೋ ಮಹರಾಯ. ಖಾಯಂ ಕೆಲಸ ಎಗ್ಮೋರಿನಿಂದ ರೈಲು ಹತ್ತಿ ಕೈಬೀಸುತ್ತಿರುವುದು ಕಣ್ಣಿಗೆ ಕಟ್ಟಿತು. ಹೆದರಿಕೆಗೆ ನಗು ಬರುವ ಕೆಟ್ಟ ಜಾಯಮಾನ ನನ್ನದು. ಕಿಸಕ್ಕೆಂದೆ. ಯಜಮಾನರು ನಗಲಿಲ್ಲ.

ಡಿಸ್ಕುಗಳನ್ನು ಹೊರಗೆಳೆದೆ. ಹಣೆಯ ತುಂಬ ಗಂಧ ಕುಂಕುಮ ಬಳಿದುಕೊಂಡು ನಾಲ್ಕೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಯಾವುದು ಯಾವುದೆಂಬ ಚೀಟಿ ಗಂಧದ ಅಡಿಯಲ್ಲಿ. ಹಬ್ಬದ ದಿನ ಎಲ್ಲರೆದುರು ಕುಂಕುಮ ಒರೆಸುವ ಎದೆಗಾರಿಕೆ ನನಗೆಲ್ಲಿಂದ ಬರಬೇಕು?

"ನೋಡಿ ಇಡಿ ಸಾಮಿ, ಕ್ರಮ ತಪ್ಪಿಡುಮ್," ಎಂದು ಶೇಷಾದ್ರಿಯವರು ಎಚ್ಚರಿಸಿದರು.

ಯಾವ ಕ್ರಮ ಎಂದು ಕೇಳಿದೆ.

"ಚೀಟಿ ನೋಡಿದೆ, ಚಿಕ್ಕದು ಮೇಲೆ ಕೂತಿತ್ತು, ದೊಡ್ಡದು ಕೆಳಗೆ. ಹಾಗೆ ಇಡಬಹುದಾ? ಕೋವಿಲ್‌ನಲ್ಲಿ ತೀರ್ಥ ಯಾರಿಗೆ ಮೊದಲು? ದೊಡ್ಡವರಿಗೆ ತಾನೆ. ಗಂಧ ಇಡುವಾಗ ನಾನೇ ಸರಿ ಪಣ್ಣಿದೆ."

ಅವರ ಕಾಲಿಗೆ ಬೀಳೋಣವೆನಿಸಿತು. ಯಾವ ಡಿಸ್ಕೂ ಸತ್ತಿರಲಿಲ್ಲ. ಪಂಕ್ತಿ ತಿರುವುಮುರುವಾಗಿತ್ತು, ಅಷ್ಟೆ. ಆದರೆ ತಿರುಗಿಸಲು ಹೋದರೆ ಅವರು ಅಡ್ಡ ನಿಂತರು. ಹಿರಿಯರನ್ನು ಕೆಳಗಿಳಿಸುವುದು ಅಪಚಾರವಂತೆ. ಜನ್ಮದಲ್ಲಿ ಮೊದಲ ಬಾರಿಗೆ ನನಗೆ ತಟ್ಟನೆ ಮಾತು ಹೊಳೆಯಿತು. ಚಿಕ್ಕದು ದ್ವಾರಪಾಲಕ, ಬಾಗಿಲಲ್ಲೇ ನಿಲ್ಲಬೇಕು, ಪೆರುಮಾಳ್ ದೇವರು ಒಳಗಿರುತ್ತಾರೆ ಎಂದೆ. ಅವರು ಯೋಚಿಸಿ, "ಅಪ್ಪಡೀನಾ ಸರಿ," ಎಂದು ತಾವೇ ಡಿಸ್ಕುಗಳನ್ನು ತಿರುಗಿಸಿಟ್ಟರು. ಸರ್ವರ್ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಶೇಷಾದ್ರಿಯವರಿಗೆ.

ಸಂಜೆ ಯಜಮಾನರು ಕರೆದು ಕೆಲಸ ಖಾಯಂ ಎಂದರು. ನಾನು ಕೈಮುಗಿಯುವಷ್ಟರಲ್ಲಿ, ಇನ್ನು ಮೇಲೆ ಡಿಸ್ಕಿನ ವಿಷಯವನ್ನೆಲ್ಲ ಶೇಷಾದ್ರಿಯವರನ್ನು ಕೇಳಿಯೇ ಮಾಡತಕ್ಕದ್ದು, ಅವರಿಗೆ ಅದರ ಸೂಕ್ಷ್ಮ ಗೊತ್ತಿದೆ ಎಂದೂ ಅಪ್ಪಣೆ ಕೊಡಿಸಿದರು. ಕೆಡಿಸಿದವರ ಕೈಗೇ ಬೀಗದ ಕೈ! ಮೂರು ದಿನ ಒಳಗೊಳಗೇ ಕುದಿದೆ. ಸಂಕ್ರಾಂತಿ ಕಳೆದು ಐದನೆಯ ಡಿಸ್ಕು ಬಂದಾಗ, ಬೇರೆ ದಾರಿಯಿಲ್ಲದೆ ಹೋಗಿ ಇದನ್ನು ಬೆಸೆಯಲೋ, ಜೋಡಿ ಮಾಡಲೋ, ಬೇರೆ ಇಡಲೋ ಎಂದು ಕೇಳಿದೆ. ಅವರು ಲೆಕ್ಕದಿಂದ ತಲೆ ಎತ್ತದೆ, "ತನಿಯಾ ಇಡಿ," ಎಂದರು. ಬೇರೆಯಾಗಿಯೇ ಇಟ್ಟೆ. ಆಹಾ, ಎಂಥ ಸುಖ! ಈಗ ಮನೆಗೆ ಪರದೆಯ ಬಟ್ಟೆ ಕೊಳ್ಳಬೇಕಾಗಿದೆ; ಹಸಿರೋ ನೀಲಿಯೋ ಎಂದು ಹೆಂಡತಿ ಕೇಳಿದ್ದಾಳೆ. ನಾಳೆ ಆಫೀಸಿನಿಂದ ಬಂದು ಹೇಳುತ್ತೇನೆ ಎಂದಿದ್ದೇನೆ.