ನಾಲ್ಕು ಚಿತ್ರಗಳ ಸ್ಫೂರ್ತಿ

ಚಿಕ್ಕಮ್ಮ ಮಂಚವನ್ನು ಪಕ್ಕಕ್ಕೆ ಎಳೆದು, ಗೋಡೆಯ ಬುಡದಲ್ಲಿ ನಿಂತ ನೀರನ್ನು ಬಟ್ಟೆಯಲ್ಲಿ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದಾಗ ಫೋನು ಬಂತು. ಒದ್ದೆ ಕೈಯಲ್ಲೇ ಎತ್ತಿದಳು.

ಇಪ್ಪತ್ತನಾಲ್ಕರ ಈ ಚಿತ್ರಕಾರ್ತಿ ನಿಜಕ್ಕೂ ಚಿಕ್ಕಮ್ಮನಾಗಿದ್ದುದು ಅಕ್ಕನ ಆರು ವರ್ಷದ ಮಗಳಿಗೆ ಮಾತ್ರ. ಆ ಮಗು ದಿನಕ್ಕೆ ನೂರು ಸಲ ಕೂಗುವುದನ್ನು ಕೇಳಿ ಕೇಳಿ ಇಡೀ ಕಟ್ಟಡವೇ ಅವಳನ್ನು ಹಾಗೆ ಕರೆಯುತ್ತಿತ್ತು. ಮೇಲ್ಮನೆಯ ಎಪ್ಪತ್ತರ ಹೆಡ್‌ಮಾಸ್ಟರೂ ಸೇರಿ.

ಫೋನಿನಲ್ಲಿದ್ದವರು ಕಲಾಭವನದ ಕಾರ್ಯದರ್ಶಿ. ಸಂಜೆಯ ಪ್ರದರ್ಶನದಲ್ಲಿ ಅವಳ ನಾಲ್ಕು ಚಿತ್ರಗಳಿದ್ದವು. ಅಲ್ಲಿ ಆಯ್ಕೆಯಾದ ಒಬ್ಬರಿಗೆ ಮುಂದಿನ ತಿಂಗಳು ಇಡೀ ಭವನವನ್ನೇ ಬಿಟ್ಟುಕೊಡುತ್ತಿದ್ದರು. ಎರಡು ವರ್ಷದಿಂದ ಅವಳು ಉಸಿರು ಬಿಗಿಹಿಡಿದು ಕಾದದ್ದು ಇದಕ್ಕೇ. ಪ್ರತಿ ಚಿತ್ರದ ಕೆಳಗೂ ಅದರ ಸ್ಫೂರ್ತಿ ಏನೆಂದು ಬರೆದ ಚೀಟಿ ಇರಬೇಕು, ಮಧ್ಯಾಹ್ನದೊಳಗೆ ಚಿತ್ರಗಳ ಜೊತೆಗೇ ತಂದುಕೊಡಿ ಎಂದರು ಕಾರ್ಯದರ್ಶಿ.

ಅವಳು ಗೋಡೆಯನ್ನು ನೋಡಿದಳು. ಸ್ಫೂರ್ತಿ ಅಲ್ಲೇ ಇತ್ತು.

ಹೆಡ್‌ಮಾಸ್ಟರ ಬಚ್ಚಲ ಪೈಪು ಸೋರಿ ಆ ಗೋಡೆ ಸದಾ ಒದ್ದೆ. ಒಂದು ತಿಂಗಳು ಅದರ ನೀರಿನ ಕಲೆಯಲ್ಲಿ ಓಡುವ ಕುದುರೆ ಕಾಣುತ್ತಿತ್ತು, ಇನ್ನೊಂದು ತಿಂಗಳು ಜಡೆ ಬಿಚ್ಚಿದ ಮುದುಕಿ. ಅವಳು ಮಂಚದ ಮೇಲೆ ಕೂತು ಕಂಡದ್ದನ್ನು ಬರೆಯುತ್ತಿದ್ದಳು, ಅಷ್ಟೇ. ಹೆಡ್‌ಮಾಸ್ಟರು ಧಾರಾಳವಾಗಿ ನೀರು ಸುರಿದುಕೊಂಡ ವಾರ ಚಿತ್ರವೂ ಧಾರಾಳವಾಗಿ ಬರುತ್ತಿತ್ತು. ಆದರೆ 'ಬಚ್ಚಲ ನೀರು' ಎಂದು ಚೀಟಿಯಲ್ಲಿ ಬರೆಯುವುದು ಹೇಗೆ?

ಅಕ್ಕನ ಬಾಯಿಂದ ಸುದ್ದಿ ಮೆಟ್ಟಿಲು ಹತ್ತಿಳಿದು ಗಳಿಗೆಯಲ್ಲಿ ಮನೆ ತುಂಬಿತು. ಕುದುರೆಯ ಚಿತ್ರ ನೋಡಿದ ಹೆಡ್‌ಮಾಸ್ಟರು, ಈ ಓಟದಲ್ಲಿ ತಮ್ಮ ನಲವತ್ತು ವರ್ಷದ ಶಿಸ್ತು ಕಾಣುತ್ತಿದೆ ಎಂದರು. ಎದುರುಮನೆಯ ಟೈಲರ್ ಆಂಟಿ, ಮುದುಕಿಯ ಜಡೆಯಲ್ಲಿರುವುದು ತನ್ನ ದಾರದ ಉಂಡೆಯೇ ಎಂದು ಸಾಧಿಸಿದಳು. ಅಕ್ಕ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಕುಕ್ಕಿದಳು.

ಚಿಕ್ಕಮ್ಮ ಸೋತಳು. ಕುದುರೆಗೆ ಹೆಡ್‌ಮಾಸ್ಟರ ಶಿಸ್ತು, ಮುದುಕಿಗೆ ಆಂಟಿಯ ಸೂಜಿ, ಮೂರನೆಯದಕ್ಕೆ ಅಕ್ಕನ ಮಮತೆ ಎಂದು ಬರೆದಳು. ನಾಲ್ಕನೆಯದು ಉಳಿಯಿತು. ಪೈಪು ರಿಪೇರಿ ಮಾಡಿಸಿ ಎಂದಾಗಲೆಲ್ಲ ಎರಡು ವರ್ಷದಿಂದ "ನೋಡೋಣಮ್ಮ" ಎನ್ನುತ್ತಿದ್ದ ಮನೆ ಯಜಮಾನಿ ಬಾಗಿಲಲ್ಲೇ ನಿಂತಿದ್ದರು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, 'ನಮ್ಮ ಮನೆ ಯಜಮಾನಿಯ ದೊಡ್ಡ ಮನಸ್ಸು' ಎಂದು ಬರೆದಳು.

ಯಜಮಾನಿ ಚೀಟಿಯನ್ನು ಎರಡು ಸಲ ಓದಿದರು. ಮುಖ ಕೆಂಪಗಾಯಿತು. ಸರಸರನೆ ಕೆಳಗಿಳಿದು ಹೋದರು. ವ್ಯಂಗ್ಯ ಅಂದುಕೊಂಡರೇನೋ ಎಂದು ಅಳುಕುತ್ತಲೇ ಚಿಕ್ಕಮ್ಮ ಚಿತ್ರ, ಚೀಟಿಗಳನ್ನು ಭವನಕ್ಕೆ ಕೊಟ್ಟುಬಂದಳು.

ಸಂಜೆ ಭವನದಲ್ಲಿ ಹೆಡ್‌ಮಾಸ್ಟರು ಕುದುರೆಯ ಪಕ್ಕದಲ್ಲಿ ಕಾವಲುಗಾರನಂತೆ ನಿಂತಿದ್ದರು. ಟೈಲರ್ ಆಂಟಿ ಬಂದವರಿಗೆಲ್ಲ ಮುದುಕಿಯ ಜಡೆ ತೋರಿಸುತ್ತಿದ್ದಳು. ಆಯ್ಕೆಗೆ ಬಂದಿದ್ದ ಹಿರಿಯ ಕಲಾವಿದೆ ಚೀಟಿಗಳತ್ತ ತಿರುಗಿಯೂ ನೋಡಲಿಲ್ಲ. ಚಿತ್ರಗಳ ಮುಂದೆ ಮಾತ್ರ ಬಹಳ ಹೊತ್ತು ನಿಂತರು.

"ಭವನ ನಿಂಗೇ ಕೊಡ್ತೀವಮ್ಮ. ಆದ್ರೆ ತಿಂಗಳೊಳಗೆ ಇನ್ನೂ ಹತ್ತು ಬೇಕು. ಹತ್ತೂ ಇದೇ ತರ ಇರ್ಬೇಕು. ಬೇರೆ ಏನಾದ್ರೂ ತಂದ್ರೆ ನಂಗೆ ಬೇಡ."

ಆಗಲಿ ಮೇಡಂ ಎಂದು ಚಿಕ್ಕಮ್ಮ ಎರಡೆರಡು ಸಲ ತಲೆಯಾಡಿಸಿದಳು. ಹೆಡ್‌ಮಾಸ್ಟರಿಗೆ ನಾಳೆಯಿಂದ ಎರಡು ಹೊತ್ತು ಸ್ನಾನ ಮಾಡಲು ಹೇಗೆ ಹೇಳುವುದೆಂದು ಯೋಚಿಸುತ್ತ, ಎಲ್ಲರನ್ನೂ ಕರೆದುಕೊಂಡು ಮನೆಗೆ ಬಂದಳು.

ಬಾಗಿಲು ತೆರೆದೇ ಇತ್ತು. ಒಳಗೆ ಯಜಮಾನಿ, ಸೆರಗಿನ ತುದಿಯಲ್ಲೆಲ್ಲ ಸಿಮೆಂಟು, ಮುಖದಲ್ಲಿ ಮದುಮಗಳ ನಗು. ಹಿಂದೆ ಗೋಡೆ. ಹಳೆಯ ಗಾರೆ ಕೆತ್ತಿ, ಹೊಸದು ಮೆತ್ತಿ, ಹಲ್ಲಿಯ ಕಾಲೂ ಜಾರುವಷ್ಟು ನುಣ್ಣಗೆ ಮಾಡಿ, ಮೇಲೆ ಬೆಳ್ಳಗೆ ಸುಣ್ಣ ಬಳಿದಾಗಿತ್ತು. ಕುದುರೆಯೂ ಇಲ್ಲ, ಮುದುಕಿಯೂ ಇಲ್ಲ.

"ನೀನು ಅಷ್ಟು ದೊಡ್ಡ ಮಾತು ಬರೆದ್ಮೇಲೆ ನಾನು ಸುಮ್ನೆ ಕೂರಕ್ಕಾಗುತ್ತಾ? ನಾಲ್ಕು ಜನ ಗಾರೆಯವರನ್ನ ಕೂರಿಸ್ಕೊಂಡು ಮಾಡಿಸ್ದೆ," ಎಂದರು ಯಜಮಾನಿ. "ಮೇಲ್ಗಡೆ ಪೈಪೂ ಹೊಸದು. ಇನ್ನು ಐವತ್ತು ವರ್ಷ ಒಂದು ಹನಿ ಜಿನುಗಲ್ಲ, ಚಿಕ್ಕಮ್ಮ."

ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು. ಅಕ್ಕ ಕಣ್ಣೊರೆಸಿಕೊಂಡಳು. ಇಂಥ ಸ್ಫೂರ್ತಿಗಳು ಸುತ್ತಲೂ ಇರುವಾಗ ಹತ್ತೇನು, ನೂರು ಚಿತ್ರವಾದರೂ ಆದೀತು ಎಂದಳು ಟೈಲರ್ ಆಂಟಿ. ಚಿಕ್ಕಮ್ಮ ಮಂಚದ ಮೇಲೆ ಮೆಲ್ಲಗೆ ಕುಸಿದು ಕೂತಳು.

ಮಗು ಗೋಡೆಯನ್ನು ಮೇಲಿಂದ ಕೆಳಗೆ ನೋಡಿತು. ಬೆರಳಿಂದ ಒತ್ತಿಯೂ ನೋಡಿತು. ಆಮೇಲೆ ಚಿಕ್ಕಮ್ಮನ ಮಡಿಲಿಗೆ ಒರಗಿ, ಕೋಣೆಗೆಲ್ಲ ಕೇಳುವ ಹಾಗೆ ಕೇಳಿತು:

"ಚಿಕ್ಕಮ್ಮ, ಇನ್ನು ಹತ್ತು ಚಿತ್ರ ಯಾರ ಮನೆ ಗೋಡೆ ನೋಡ್ಕೊಂಡು ಬರೀತೀಯಾ?"