ಅತ್ತೆಗೊಂದು ಚಾಕು

ಫ್ರಿಜ್ಜು, ವಾಷಿಂಗ್ ಮಷೀನು ಎಲ್ಲಾ ನಮ್ಮ ಮನೆಗೆ ಸದ್ದಿಲ್ಲದೆ ಬಂದು ಕೂತವು. ಒಂದು ಚಾಕು ತರೋಕೆ ಮಾತ್ರ ರಾಮಾಯಣವೇ ಆಗಿಹೋಯ್ತು. ನಮ್ಮಲ್ಲಿ ಯಾವಾಗಲೂ ಹಿಂಗೇನೇ, ಸಾಮಾನು ಸಣ್ಣದಾದಷ್ಟೂ ಕಥೆ ದೊಡ್ಡದು.

ನೆಲ ಎಲ್ಲಿದೆ?

ನಮ್ಮತ್ತೆ ಆಂಧ್ರದ ಗಡಿಯ ರಾಯಲ್ಪಾಡಿನ ಕಡೆಯವರು. ಸಮಾಧಾನದಲ್ಲಿದ್ರೆ ಕನ್ನಡ, ಸಿಟ್ಟು ಬಂದ್ರೆ ತೆಲುಗು. ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದಾಗಿಂದ ಈಳಿಗೆ ಮಣೆ ಮೇಲೆ ಕೂತೇ ಇಡೀ ಸಂಸಾರಕ್ಕೆ ತರಕಾರಿ ಹೆಚ್ಚಿ ಹಾಕಿದೋರು. ಮೊಣಕಾಲು ನೋವು ಜಾಸ್ತಿಯಾಗಿ ಕೋಲಾರದಲ್ಲಿ ತೋರಿಸಿದಾಗ ಡಾಕ್ಟರು, "ಅಮ್ಮಾ, ಇನ್ಮೇಲೆ ನೆಲದ ಮೇಲೆ ಕೂರಬಾರದು" ಅಂದ್ರು.

ಮಾರನೇ ದಿನ ಅಡುಗೆಮನೆಗೆ ಹೋಗಿ ನೋಡ್ತೀನಿ, ಅತ್ತೆ ಗ್ಯಾಸ್ ಕಟ್ಟೆ ಹತ್ತಿ, ಒಲೆ ಪಕ್ಕ ಈಳಿಗೆ ಮಣೆ ಇಟ್ಕೊಂಡು, ಅದರ ಮೇಲೆ ಕೂತು ಬದನೆಕಾಯಿ ಹೆಚ್ತಾ ಇದಾರೆ! ಆ ಕಾಲಲ್ಲಿ ಹೇಗೆ ಹತ್ತಿದ್ರೋ ದೇವರಿಗೇ ಗೊತ್ತು.

"ಅತ್ತೆ! ಡಾಕ್ಟರು ಏನು ಹೇಳಿದ್ರು?"

"ನೆಲದ ಮೇಲೆ ಕೂರಬೇಡ ಅಂದ್ರು. ಇಲ್ಲಿ ನೆಲ ಎಲ್ಲಿದೆ?"

ನಾನು, ನನ್ನ ಗಂಡ, ಪಕ್ಕದ ಮನೆಯವರು ಸೇರಿ ಕೆಳಗಿಳಿಸೋಕೆ ಹೋದ್ವಿ. ಬದನೆಕಾಯಿ ಮುಗಿಯೋವರೆಗೂ ಇಳಿಯಲ್ಲ ಅಂದ್ರು. ಮೂರು ಜನಾನೂ ಕೈ ಕಟ್ಕೊಂಡು ಕಾದ್ವಿ.

ಕೊತ್ತಂಬರಿ ರವಿಕೆ

ಈಳಿಗೆ ಮಣೆ ಅಟ್ಟ ಸೇರ್ತು. ಮನೇಲಿದ್ದ ಒಂದೇ ಒಂದು ಚಾಕು ಹಾಲಿನ ಪ್ಯಾಕೆಟ್ಟಿಗಷ್ಟೇ ಲಾಯಕ್ಕು. ಅತ್ತೆ ಮುಖ ಬಾಡಿಹೋಯ್ತು. "ಹೆಚ್ಚೋಕಾಗ್ದಿದ್ಮೇಲೆ ಅಡುಗೆಮನೇಲಿ ನನಗೇನು ಕೆಲಸ? ನೀನೇ ನೋಡ್ಕೋ. ಹಾಕಿದ್ದು ತಿಂದ್ಕೊಂಡು ಮೂಲೇಲಿ ಬಿದ್ದಿರ್ತೀನಿ" ಅಂದ್ಬಿಟ್ರು. ನನಗೆ ಪಾಪ ಅನ್ನಿಸ್ತು. ಅದೂ ಅಲ್ದೆ, ನಿಜ ಹೇಳ್ಬೇಕಂದ್ರೆ, ಅವರ ಕೈಯ ಬಸ್ಸಾರು ಬಿಟ್ಟು ನನ್ನ ಸಾರು ತಿನ್ನೋ ಗತಿ ಮನೆಯವರಿಗೆಲ್ಲ ಬಂತು. ನನಗೂ ಬಂತು! ಏನಾದ್ರೂ ಮಾಡಿ ಅತ್ತೇನ ಒಲೆ ಮುಂದೆ ನಿಲ್ಲಿಸಲೇಬೇಕು ಅಂತ ನಿರ್ಧಾರ ಮಾಡ್ದೆ.

ನಾನು ಮನೇಲೇ ರವಿಕೆ ಹೊಲೀತೀನಿ. ಆ ವಾರ ಒಬ್ಬಾಕೆ ಹೊಸ ರವಿಕೆ ವಾಪಸ್ ಹಿಡ್ಕೊಂಡು ಬಂದ್ಲು. "ಅಕ್ಕಾ, ಹೊಲಿಗೆ ಚೆನ್ನಾಗಿದೆ. ಆದ್ರೆ ರೇಷ್ಮೆ ರವಿಕೇಲಿ ಕೊತ್ತಂಬರಿ ಸೊಪ್ಪಿನ ವಾಸನೆ ಯಾಕೆ ಬರ್ತದೆ?"

ನಾನು ಕತ್ತರಿ ಎತ್ತಿ ಮೂಸಿ ನೋಡ್ದೆ. ಅತ್ತೆ ಟಿವಿ ಕಡೆ ಮುಖ ತಿರುಗಿಸಿಕೊಂಡು ಹೇಳಿದ್ರು: "ಈರುಳ್ಳೀನೂ ಹೆಚ್ಚಿದ್ದೆ. ಅದರ ವಾಸನೆ ಬಂದಿಲ್ವಲ್ಲ, ನಿನ್ನ ಪುಣ್ಯ."

ನಿಂತ ಚಾಕು

ನನ್ನ ಗಂಡ ಮಾವಿನ ಮಂಡೀಲಿ ಕೆಲಸಕ್ಕಿದಾರೆ. "ಚಾಕು ತಾನೇ, ನಾನು ತರ್ತೀನಿ" ಅಂತ ಕೋಲಾರಕ್ಕೆ ಹೋಗಿ ಮೊಳದುದ್ದದ್ದು ತಂದ್ರು. ಅತ್ತೆ ನೋಡಿದ್ದೇ, "ಇದೇಂ ಕತ್ತಿರಾ ನಾಯನಾ! ಯಾರ ಮೇಲೆ ಯುದ್ಧಕ್ಕೆ ಹೊರಟಿದೀಯ?" ಅಂದ್ರು.

ಉದ್ದ ಒಂದೇ ಅಲ್ಲ ತಾಪತ್ರಯ. ಈಳಿಗೇಲಿ ಅಲಗು ಅಲ್ಲಾಡಲ್ಲ, ತರಕಾರಿ ಅದರ ಹತ್ರ ಬರ್ತದೆ. ಚಾಕುವಿನದು ಉಲ್ಟಾ. "ಚಾಕು ಓಡಾಡಿದ್ರೆ ನನ್ನ ಬೆರಳು ಹೋಗ್ತದೆ. ಲೇ, ನೀನು ಅಲ್ಲಾಡ್ದಂಗೆ ಹಿಡ್ಕೋ" ಅಂತ ನನ್ನ ಗಂಡನ್ನ ಟೇಬಲ್ ಮುಂದೆ ಕೂರಿಸಿ, ಎರಡೂ ಕೈಲಿ ಚಾಕು ನೆಟ್ಟಗೆ ಹಿಡಿಸಿ, ತಾವು ಎದುರಿಗೆ ಕುರ್ಚಿ ಹಾಕ್ಕೊಂಡು ಹೀರೇಕಾಯಿ ತಳ್ಳೋಕೆ ಶುರು ಮಾಡಿದ್ರು.

ಅಷ್ಟರಲ್ಲಿ ಮಂಡಿಯಿಂದ ಫೋನು. ಅವರ ಕೈ ಖಾಲಿ ಇಲ್ಲ, ನಾನೇ ಕಿವಿಗೆ ಹಿಡ್ದೆ. "ಲಾರಿ ಬಂದು ನಿಂತದೆ, ಎಲ್ಲಪ್ಪಾ ಇದೀಯ?"

"ಈಗ ಬರೋಕಾಗಲ್ಲ ಅಣ್ಣಾ. ಈಳಿಗೆ ಮಣೆ ಆಗಿದೀನಿ."

ಅಂಗಡೀಲಿ ಅಡುಗೆ

ಕೊನೆಗೆ ಅತ್ತೇನೇ ಪಾತ್ರೆ ಅಂಗಡಿಗೆ ಕರ್ಕೊಂಡು ಹೋದೆ. ಅಂಗಡಿಯವರು ಚಾಕುಗಳನ್ನ ಒಂದೊಂದಾಗಿ ಗಾಜಿನ ಕೌಂಟರ್ ಮೇಲೆ ಸಾಲಾಗಿ ಇಟ್ರು. ಅತ್ತೆ ಚೀಲದಿಂದ ಟೊಮ್ಯಾಟೊ, ಈರುಳ್ಳಿ, ಒಂದು ಹೋಳು ಕುಂಬಳಕಾಯಿ ತೆಗೆದ್ರು! ನನಗೆ ನಾಚಿಕೆಯಿಂದ ತಲೆ ಎತ್ತೋಕಾಗಲಿಲ್ಲ. ಅಂಗಡಿಯವರ ಹೆಂಡತಿ ನಗ್ತಾ ಒಂದು ತಟ್ಟೆ ಕೊಟ್ರು.

ಒಂದು ಚಾಕು ಟೊಮ್ಯಾಟೊನ ಹಿಚುಕ್ತು. ಇನ್ನೊಂದರ ಹಿಡಿ ಒದ್ದೆ ಕೈಲಿ ಜಾರ್ತು. ಮತ್ತೊಂದು ಕುಂಬಳಕಾಯೀಲಿ ಸಿಕ್ಕಾಕ್ಕೊಂಡು ಈಚೆಗೇ ಬರಲಿಲ್ಲ. ಕೊನೆಗೆ ಅಗ್ಗದ ಸಾಲಿಂದ ಕಪ್ಪು ಹಿಡಿಯ ಗೇಣುದ್ದದ ಚಾಕು ಎತ್ಕೊಂಡ್ರು. ಟೊಮ್ಯಾಟೊ ಸರ್ ಅಂತ ಹೋಳಾಯ್ತು, ಈರುಳ್ಳಿ ಆಯ್ತು, ಕುಂಬಳಕಾಯಿ ಸಿಪ್ಪೇನೂ ಬಂತು. ಆಗ ನೋಡ್ದೆ: ಅತ್ತೆ ನಿಂತ್ಕೊಂಡೇ ಹೆಚ್ತಾ ಇದಾರೆ, ಚಾಕು ಓಡಾಡ್ತಾ ಇದೆ, ಅದು ಅವರಿಗೇ ಗೊತ್ತಿಲ್ಲ! ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಈರುಳ್ಳಿದೂ ಇರಬಹುದು.

"ಇದೇ ಇರಲಿ" ಅಂದ್ರು ಅತ್ತೆ. ಅಂಗಡಿಯವರು ತುಂಬಿದ ತಟ್ಟೆ ನೋಡಿ, "ಇನ್ನೊಂದು ಪರೀಕ್ಷೆ ಮಾಡಿ ಅಮ್ಮಾ. ಕೊತ್ತಂಬರಿ ಒಂದು ಹೆಚ್ಚಿಕೊಟ್ರೆ ನಮ್ಮ ಮಧ್ಯಾಹ್ನದ ಸಾಂಬಾರು ಆಗೋಗ್ತದೆ" ಅಂದ್ರು.

ಕೈಯಿಂದ ಕೈಗೆ

ಮನೆಗೆ ಬಂದು ಚಾಕು ತೊಳೆದು, "ತಗೊಳ್ಳಿ ಅತ್ತೆ" ಅಂತ ಕೊಡೋಕೆ ಹೋದೆ. ಅತ್ತೆ ಎರಡು ಹೆಜ್ಜೆ ಹಿಂದಕ್ಕೆ ಹೋದ್ರು.

"ಕೈಗೆ ಕೊಡಬೇಡ್ವೇ! ಚಾಕು ಕೈಯಿಂದ ಕೈಗೆ ಕೊಟ್ರೆ ಜಗಳ ಆಗ್ತದೆ. ಕೆಳಗಿಡು."

ಕೆಳಗಿಟ್ಟೆ. ಅತ್ತೆ ಬಗ್ಗೋಕೆ ನೋಡಿದ್ರು, ಮೊಣಕಾಲು ಬಿಡಲಿಲ್ಲ. ನಾನು ಎತ್ತಿ ಕೊಡೋಕೆ ಹೋದೆ. "ಕೈಗೆ ಬೇಡ ಅಂದ್ನಲ್ಲ!" ಮತ್ತೆ ಕೆಳಗಿಟ್ಟೆ. ಮತ್ತೆ ಬಗ್ಗಿದ್ರು. "ಅಯ್ಯೋ, ಕಟ್ಟೆ ಮೇಲಿಡೇ" ಅಂದ್ರು ನಡುಮನೇಲಿ ಕೂತಿದ್ದ ನನ್ನ ಗಂಡ.

"ಆಗಲ್ಲ. ನೆಲಕ್ಕೇ ಇಡಬೇಕು."

"ಅಂಗಡೀಲಿ ಗಾಜಿನ ಮೇಲಿಂದ ಎತ್ಕೊಂಡ್ರಲ್ಲ ಅತ್ತೆ?"

"ಅಂಗಡಿಯೋರ ಜೊತೆ ಜಗಳ ಆದ್ರೆ ಅಂಗಡಿ ಬದಲಾಯಿಸಬೋದು. ಸೊಸೇನ ಬದಲಾಯಿಸೋಕಾಗ್ತದಾ?"

ನಾನು ನೆಲದಿಂದ ಚಾಕು ಮತ್ತೆ ಎತ್ಕೊಂಡೆ. ಅತ್ತೆ ನೆಲ ನೋಡಿದ್ರು, ಒಲೆ ಮೇಲೆ ಕುದೀತಿದ್ದ ಬೇಳೆ ನೋಡಿದ್ರು, ನನ್ನ ಮುಖ ನೋಡಿದ್ರು.

"ಪೋನೀಲೇ, ಹೋಗ್ಲಿ ಬಿಡು, ಕೈಗೇ ಕೊಡು. ಇಷ್ಟು ವರ್ಷ ಚಾಕು ಇಲ್ದೇನೇ ಜಗಳ ಆಡಿದೀವಿ. ಇದೇನು ಹೊಸದಾಗಿ ತರ್ತದೆ?"

ಕೊಟ್ಟೆ. ಅತ್ತೆ ಕಟ್ಟೆ ಮುಂದೆ ನಿಂತು ಈರುಳ್ಳಿ ಹೆಚ್ಚೋಕೆ ಶುರು ಮಾಡಿದ್ರು. ಬಾಯಿ ಸುಮ್ನಿರಬೇಕಲ್ಲ ನಂದು. "ಇನ್ನೂ ಸ್ವಲ್ಪ ಸಣ್ಣಗೆ ಅತ್ತೆ" ಅಂದ್ಬಿಟ್ಟೆ.

"ನನಗೆ ಹೇಳಿಕೊಡ್ತೀಯಾ? ಇಷ್ಟು ದಿನ ನಿನ್ನ ಸಾರು ತಿಂದೇ ನಾಲಿಗೆ ಸತ್ತೋಗಿದೆ!"

"ನನ್ನ ಸಾರಿಗೇನಾಗಿದೆ? ನನ್ನ ಕತ್ತರಿ ಹಾಳು ಮಾಡಿದ್ದು ಯಾರು?"

"ನಡಿ ಆಚೆ, ನನ್ನ ಅಡುಗೆಮನೆ ಇದು!"

ನಡುಮನೆಯಿಂದ ನನ್ನ ಗಂಡ ಕೂಗಿದ್ರು: "ಅಮ್ಮಾ, ಚಾಕು ಹೇಗಿದೆ?"

"ಬಹಳ ಚೆನ್ನಾಗಿದೆ!" ಅಂತ ಅತ್ತೆ, ನಾನು ಒಂದೇ ಸಲ ಕೂಗಿ ಹೇಳಿ, ಜಗಳ ಮುಂದುವರಿಸಿದ್ವಿ.